ರಾಜಿಯ ಮೊತ್ತ ಗುಟ್ಟಾಗಿರಲಿ, ಅಪಾಯ ಬಯಲಿಗೆ ಬರಲಿ

ಅತ್ತಿಬೆಲೆ ಗಡಿ ದಾಟಿದ ಕೂಡಲೇ ಹೆದ್ದಾರಿಯ ಎರಡೂ ಬದಿ ಕಾರ್ಖಾನೆಗಳ ಬೋರ್ಡುಗಳು ಶುರುವಾಗುತ್ತವೆ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದದ್ದು ಹೊಸೂರಿನಿಂದ. ಅದೇ ಕಂಪನಿಯ ವಿದ್ಯುತ್ ಸ್ಕೂಟರ್ ಐಕ್ಯೂಬ್ ಈಗ ಇಲ್ಲೇ ತಯಾರಾಗುತ್ತದೆ. ಬೆಂಗಳೂರಿನ ಏಥರ್ ಕಂಪನಿಯ ಕಾರ್ಖಾನೆ ಇರುವುದೂ ಹೊಸೂರಿನಲ್ಲೇ. ಶೂಲಗಿರಿಯಲ್ಲಿ ಸಿಂಪಲ್ ಎನರ್ಜಿ, ಇನ್ನೂ ಮುಂದೆ ಹೋದರೆ ಪೋಚಂಪಳ್ಳಿಯ ಕಡೆ 500 ಎಕರೆಯಲ್ಲಿ ಓಲಾ. ಭಾರತದ ರಸ್ತೆಗಿಳಿಯುವ ವಿದ್ಯುತ್ ಸ್ಕೂಟರ್‌ಗಳಲ್ಲಿ ದೊಡ್ಡ ಪಾಲು ತಮಿಳುನಾಡಿನ ಕೃಷ್ಣಗಿರಿ ಎಂಬ ಒಂದೇ ಜಿಲ್ಲೆಯಿಂದ ಹೊರಡುತ್ತದೆ.

ಹೀಗಾಗಿ ಇಲ್ಲಿನ ಕಾರ್ಖಾನೆಯಲ್ಲಿ ಒಂದು ಬಿಡಿಭಾಗ ಕೆಟ್ಟರೆ ಅದರ ಪೆಟ್ಟು ಬೀಳುವುದು ಧಾರವಾಡದಲ್ಲೋ ಜೋಧಪುರದಲ್ಲೋ ಗುವಾಹಟಿಯಲ್ಲೋ. 2022ರಲ್ಲಿ ಓಲಾ ಸ್ಕೂಟರ್‌ನ ಮುಂದಿನ ಫೋರ್ಕ್ ಮುರಿಯಿತೆಂದು ಬೇರೆ ಬೇರೆ ಊರಿನ ಸವಾರರು ಫೋಟೊ ಸಮೇತ ಸಾಮಾಜಿಕ ಜಾಲತಾಣಗಳಲ್ಲಿ ಹೇಳಿಕೊಂಡರು. ಫೋರ್ಕ್ ಸುರಕ್ಷಿತವಾಗಿಯೇ ಇದೆ ಎಂಬ ನಿಲುವನ್ನು ಕಂಪನಿ ಬಿಡಲಿಲ್ಲ. ಆದರೂ 2023ರ ಮಾರ್ಚ್‌ನಲ್ಲಿ, ಬೇಕೆಂದವರಿಗೆ ಹೊಸ ವಿನ್ಯಾಸದ ಫೋರ್ಕನ್ನು ಉಚಿತವಾಗಿ ಹಾಕಿಕೊಡುವುದಾಗಿ ಪ್ರಕಟಿಸಿತು. ಒಬ್ಬರ ದೂರು ಇನ್ನೊಬ್ಬರ ಕಣ್ಣಿಗೆ ಬಿದ್ದು, ಇಬ್ಬರ ದೂರು ಪತ್ರಿಕೆಯವರ ಕಣ್ಣಿಗೆ ಬಿದ್ದದ್ದರಿಂದ ಇಷ್ಟು ನಡೆಯಿತು. ಆ ಸವಾರರೆಲ್ಲ ಒಬ್ಬೊಬ್ಬರಾಗಿ ವಕೀಲರ ಕೋಣೆಯಲ್ಲಿ ಕೂತು, ಹಣ ಎಣಿಸಿಕೊಂಡು, ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿದ್ದರೆ? ಹತ್ತು ಊರಿನ ಹತ್ತು ತಕರಾರು ಹತ್ತು ಕಡೆ ಮುಗಿದುಹೋಗುತ್ತಿತ್ತು. ಹನ್ನೊಂದನೆಯವನು ಏನೂ ತಿಳಿಯದೆ ಗಾಡಿ ಹತ್ತುತ್ತಿದ್ದ.

ಇಂಥ ಗುಟ್ಟಿನ ರಾಜಿಗಳಿಗೆ ಮಿತಿ ಬೇಕೇ, ಬೇಕಾದರೆ ಗೆರೆ ಎಲ್ಲಿ ಎಳೆಯಬೇಕು ಎಂಬ ವಾದ ಅಮೆರಿಕದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲದಿಂದ ನಡೆದಿದೆ. ಭಾರತದಲ್ಲಿ ಅದಕ್ಕೆಂದೇ ಮಾಡಿದ ಕಾನೂನಿಲ್ಲ. ಹಾಗೆಂದು ನಮ್ಮಲ್ಲಿ ಆ ವಿಚಾರವೇ ಇಲ್ಲ ಎನ್ನುವಂತಿಲ್ಲ. ಕಾರ್ಮಿಕ ಕಾಯ್ದೆಯಲ್ಲಿ ಒಂದಿಷ್ಟು, ಗ್ರಾಹಕ ನಿಯಮಗಳಲ್ಲಿ ಒಂದಿಷ್ಟು, ಮೋಟಾರು ವಾಹನ ಕಾಯ್ದೆಯಲ್ಲಿ ಒಂದಿಷ್ಟು ಚದುರಿಕೊಂಡಿದೆ. ಕಾರ್ಖಾನೆ, ವಾಹನ, ಗಡಿ ಮೂರೂ ಕೂಡಿರುವ ಹೊಸೂರಿನಲ್ಲಿ ನಿಂತು ನೋಡಿದರೆ ಆ ಚೂರುಗಳೂ ಕಾಣುತ್ತವೆ, ಅವುಗಳ ನಡುವಿನ ಕಂಡಿಗಳೂ ಕಾಣುತ್ತವೆ.

ಸಹಿ ಯಾಕೆ ಹಾಕುತ್ತಾರೆ?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಟ್ಟಿದವರು ಸುಮ್ಮನೆ ಕಟ್ಟಿಲ್ಲ. ವಾಯಿದೆಯ ಮೇಲೆ ವಾಯಿದೆ, ವಕೀಲರ ಫೀಜು, ಕೆಲಸಕ್ಕೆ ರಜೆ, ಮೇಲ್ಮನವಿ. ಇದೆಲ್ಲ ತಪ್ಪುವುದಾದರೆ ಸಿಕ್ಕಷ್ಟು ತೆಗೆದುಕೊಂಡು ಕೈತೊಳೆದುಕೊಳ್ಳುವುದು ಜಾಣತನವೇ. ರಾಜಿ ಎಂಬುದರಲ್ಲಿ ತಪ್ಪೇನೂ ಇಲ್ಲ. ನ್ಯಾಯಾಲಯಗಳೇ ಲೋಕ್ ಅದಾಲತ್ ನಡೆಸಿ ಜನರನ್ನು ರಾಜಿಗೆ ಕರೆಯುತ್ತವೆ.

ತೊಡಕು ಇರುವುದು ರಾಜಿಪತ್ರದ ಕೊನೆಯ ಪುಟದಲ್ಲಿ. ಅಲ್ಲಿ ಸಾಮಾನ್ಯವಾಗಿ ಮೂರು ಷರತ್ತು ಬರುತ್ತವೆ. ಕೊಟ್ಟ ಮೊತ್ತವನ್ನು ಹೊರಗೆ ಹೇಳಬಾರದು. ಹಣ ಕೊಟ್ಟಿದ್ದರಿಂದ ಕಂಪನಿ ತಪ್ಪೊಪ್ಪಿಕೊಂಡಂತೆ ಆಗುವುದಿಲ್ಲ. ಮೂರನೆಯದು, ಪ್ರಕರಣದ ಬಗ್ಗೆ ಯಾರ ಬಳಿಯೂ ಬಾಯಿಬಿಡಬಾರದು, ಸಿಕ್ಕಿದ ದಾಖಲೆಗಳನ್ನು ಹಿಂದಿರುಗಿಸಬೇಕು. ಮೊದಲ ಎರಡರಿಂದ ಹೊರಗಿನವರಿಗೆ ಅಷ್ಟಾಗಿ ನಷ್ಟವಿಲ್ಲ. ಮೂರನೆಯ ಷರತ್ತು ಹಾಗಲ್ಲ. ಬ್ರೇಕ್ ಯಾಕೆ ಹಿಡಿಯಲಿಲ್ಲ, ಬ್ಯಾಟರಿ ಯಾಕೆ ಹೊತ್ತಿತು, ಯಂತ್ರದ ಕಾವಲು ಯಾಕೆ ಕಳಚಿತ್ತು ಎಂಬ ಮಾಹಿತಿಯೂ ಹಣದ ಜತೆ ಕೈಬದಲಾಗುತ್ತದೆ. ಆ ಮಾಹಿತಿ ಬೇಕಾದವರು ಸಹಿ ಹಾಕುವ ಮೇಜಿನ ಹತ್ತಿರವೇ ಇರುವುದಿಲ್ಲ.

ಅಮೆರಿಕದ ನ್ಯಾಯಾಲಯಗಳಲ್ಲಿ ಇಂಥ ಕಡತಗಳಿಗೆ ನ್ಯಾಯಾಧೀಶರೇ ಮೊಹರು ಹಾಕುವ ರೂಢಿ ಬೆಳೆದಿತ್ತು. ನಮ್ಮಲ್ಲಿ ಮೊಹರಿನ ಅಗತ್ಯವೇ ಬೀಳುವುದಿಲ್ಲ. ಮಾತುಕತೆ ಹೊರಗೆ ಮುಗಿಯುತ್ತದೆ. ವ್ಯಾಜ್ಯ ಬಗೆಹರಿದಿದೆ, ಹಿಂಪಡೆಯುತ್ತೇವೆ ಎಂಬ ಒಂದೆರಡು ಸಾಲಿನ ಮೆಮೊ ನ್ಯಾಯಾಲಯಕ್ಕೆ ಹೋಗುತ್ತದೆ. ಪ್ರಕರಣ ವಜಾ ಆಗುತ್ತದೆ. ಮುಂದೆ ಯಾರಾದರೂ ಕಡತ ತೆಗೆಸಿ ನೋಡಿದರೂ ಸಿಗುವುದು ಆ ಮೆಮೊ ಮಾತ್ರ.

ಟೈರು ಮತ್ತು ಕೀಲಿ

ಫೈರ್‌ಸ್ಟೋನ್ ಟೈರುಗಳ ಕಥೆ ಈ ವಿಷಯದಲ್ಲಿ ಎಲ್ಲರೂ ಎತ್ತುವ ಉದಾಹರಣೆ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಕ್ಕೆ ಹಾಕುತ್ತಿದ್ದ ಈ ಟೈರುಗಳ ಮೇಲ್ಪದರ ವೇಗದಲ್ಲಿ ಕಳಚಿ ವಾಹನ ಉರುಳುತ್ತಿತ್ತು. 1990ರ ದಶಕದುದ್ದಕ್ಕೂ ಮೊಕದ್ದಮೆಗಳು ಬಿದ್ದವು, ಅನೇಕವು ಗೋಪ್ಯತೆಯ ಷರತ್ತಿನೊಂದಿಗೆ ರಾಜಿಯಾದವು. ಕಂಪನಿ ಮಾತ್ರ ಬಾಯಿ ಮುಚ್ಚಿಕೊಂಡಿತ್ತು ಎಂದುಕೊಳ್ಳಬೇಕಿಲ್ಲ. ಸಂತ್ರಸ್ತರ ಪರ ವಕೀಲರಲ್ಲೂ ಕೆಲವರು ಸರ್ಕಾರಕ್ಕೆ ತಿಳಿಸಲಿಲ್ಲ. ಈ ಅಪಘಾತಗಳ ನಡುವಿನ ಸಾಮ್ಯವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬ, ಸ್ಟೇಟ್ ಫಾರ್ಮ್ ಎಂಬ ವಿಮಾ ಕಂಪನಿಯ ಸಂಶೋಧಕ. ಕ್ಲೇಮುಗಳನ್ನು ಜೋಡಿಸಿ ನೋಡಿದ ಆತ 1998ರಲ್ಲಿ 21 ಪ್ರಕರಣಗಳನ್ನು ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಗೆ ಕಳಿಸಿದ. ಸಂಸ್ಥೆ ಎಚ್ಚೆತ್ತುಕೊಳ್ಳಲಿಲ್ಲ. 2000ದ ಫೆಬ್ರುವರಿಯಲ್ಲಿ ಹ್ಯೂಸ್ಟನ್ನಿನ ಒಂದು ಟಿವಿ ವಾಹಿನಿ ಸುದ್ದಿ ಮಾಡಿತು. ಆಗಸ್ಟ್ 9ರಂದು ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಕರೆಸುವ ಘೋಷಣೆಯಾಯಿತು. ಅಷ್ಟರಲ್ಲಿ ಹಲವರು ಸತ್ತಿದ್ದರು. ಕೊನೆಗೆ ಸರ್ಕಾರಿ ಸಂಸ್ಥೆ ಕೊಟ್ಟ ಸಾವಿನ ಸಂಖ್ಯೆ 271.

ಆ ವರ್ಷವೇ ಅಮೆರಿಕದ ಸಂಸತ್ತು ಟ್ರೆಡ್ ಎಂಬ ಕಾಯ್ದೆ ತಂದಿತು. ವಾಹನ ತಯಾರಕರು ಸಾವು ಮತ್ತು ಗಾಯಗಳಿಗೆ ಸಂಬಂಧಿಸಿದ ಪರಿಹಾರದ ಬೇಡಿಕೆಗಳ ಮಾಹಿತಿಯನ್ನು ಕಾಲಕಾಲಕ್ಕೆ ಸುರಕ್ಷತಾ ಸಂಸ್ಥೆಗೆ ಕೊಡಲೇಬೇಕು ಎಂದು ಅದು ವಿಧಿಸಿತು. ರಾಜಿಯನ್ನು ತಡೆಯುವ ಗೋಜಿಗೆ ಕಾಯ್ದೆ ಹೋಗಲಿಲ್ಲ. ಎಷ್ಟು ಬೇಡಿಕೆ ಬಂದವು, ಯಾವ ಮಾದರಿಯ ವಾಹನ, ಯಾವ ಭಾಗ ಎಂಬುದು ಒಂದು ಕಡೆ ಲೆಕ್ಕಕ್ಕೆ ಸಿಗಲಿ ಎಂಬುದಷ್ಟೇ ಅದರ ಉದ್ದೇಶ.

ಲೆಕ್ಕ ಒಂದೇ ಸಾಲದು ಎಂಬುದನ್ನು ಜನರಲ್ ಮೋಟಾರ್ಸ್ ಪ್ರಕರಣ ತೋರಿಸಿತು. ಆ ಕಂಪನಿಯ ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸುವ ಸ್ವಿಚ್ ಸಡಿಲ. ಓಡುವಾಗಲೇ ಅದು ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. 2010ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಒಬ್ಬ ಯುವತಿ ಹೀಗೆ ಸತ್ತಳು. ಮನೆಯವರ ಪರ ವಕೀಲರು ನೇಮಿಸಿದ ಎಂಜಿನಿಯರ್ ಹಳೆಯ ಸ್ವಿಚ್ಚನ್ನೂ ಹೊಸದನ್ನೂ ಬಿಚ್ಚಿ ಹೋಲಿಸಿದಾಗ, ಕಂಪನಿ ಭಾಗದ ಸಂಖ್ಯೆ ಬದಲಿಸದೆ ಒಳಗಿನ ವಿನ್ಯಾಸ ಬದಲಿಸಿದ್ದು ಕಂಡಿತು. 2013ರಲ್ಲಿ ಮೊಕದ್ದಮೆ ಗೋಪ್ಯವಾಗಿ ರಾಜಿಯಾಯಿತು. ತಿಂಗಳುಗಳ ನಂತರ, 2014ರ ಫೆಬ್ರುವರಿಯಲ್ಲಿ, ವಾಹನಗಳನ್ನು ವಾಪಸ್ ಕರೆಸುವುದು ಶುರುವಾಗಿ 26 ಲಕ್ಷ ಕಾರುಗಳವರೆಗೆ ಬೆಳೆಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಸುರಕ್ಷತಾ ಸಂಸ್ಥೆ 2007ರಲ್ಲೇ ಈ ಕಾರುಗಳ ಏರ್‌ಬ್ಯಾಗ್ ದೂರುಗಳನ್ನು ನೋಡಿ, ತನಿಖೆ ಬೇಡವೆಂದು ಬಿಟ್ಟಿತ್ತು. ಸಂಖ್ಯೆಗಳು ಅದರ ಬಳಿ ಇದ್ದವು. ಸ್ವಿಚ್ ಬಿಚ್ಚಿ ನೋಡಿದವನ ಮಾತು ಇರಲಿಲ್ಲ.

ಕಿಟಕಿ ತೆರೆದ ರಾಜ್ಯಗಳು

ಅಮೆರಿಕದ ಫ್ಲಾರಿಡಾ ರಾಜ್ಯ 1990ರಲ್ಲೇ ಗುಟ್ಟಿನ ರಾಜಿಗಳ ವಿರುದ್ಧ ಒಂದು ಕಾನೂನು ಮಾಡಿತ್ತು. ಸಾರ್ವಜನಿಕರಿಗೆ ಅಪಾಯವಿರುವ ವಸ್ತುವಿನ ಮಾಹಿತಿ ಮುಚ್ಚಿಡುವಂಥ ಆದೇಶವನ್ನು ನ್ಯಾಯಾಲಯ ಕೊಡುವಂತಿಲ್ಲ, ಅಂಥ ಒಪ್ಪಂದಕ್ಕೆ ಬೆಲೆಯೂ ಇಲ್ಲ. ಅದೇ ವರ್ಷ ಟೆಕ್ಸಾಸ್, ನ್ಯಾಯಾಲಯದ ದಾಖಲೆ ಮುಚ್ಚಬೇಕಾದರೆ ಬಹಿರಂಗ ವಿಚಾರಣೆಯಲ್ಲಿ ಕಾರಣ ಹೇಳಬೇಕೆಂಬ ನಿಯಮ ತಂದಿತು. 2002ರಲ್ಲಿ ದಕ್ಷಿಣ ಕ್ಯಾರೊಲಿನಾದ ಫೆಡರಲ್ ನ್ಯಾಯಾಧೀಶರು ತಾವೇ ಸಭೆ ಸೇರಿ, ತಮ್ಮ ನ್ಯಾಯಾಲಯಗಳಲ್ಲಿ ಸಲ್ಲಿಸಿದ ರಾಜಿಪತ್ರಗಳಿಗೆ ಮೊಹರು ಹಾಕುವುದನ್ನು ನಿಲ್ಲಿಸಿದರು. ಆಮೇಲೂ ಅಲ್ಲಿ ರಾಜಿಗಳು ನಡೆಯುತ್ತಲೇ ಇವೆ. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆಯನ್ನು ವಿಸ್ಕಾನ್ಸಿನ್‌ನ ಸೆನೆಟರ್ ಹರ್ಬ್ ಕೋಲ್ ಮತ್ತೆ ಮತ್ತೆ ಮಂಡಿಸಿದರು. ಅದು ಕಾನೂನಾಗಲಿಲ್ಲ.

ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಕಾಯಿಲೆಯ ವಿವರ ಹೊರಬೀಳುವುದು ಬೇಡವೆನ್ನುವವರು ಗುಟ್ಟನ್ನು ತಾವಾಗಿ ಬಯಸುತ್ತಾರೆ. ಎಲ್ಲವೂ ಬಯಲಾಗುವುದಾದರೆ ಕಂಪನಿಗಳು ರಾಜಿಗೆ ಬರುವುದೇ ಇಲ್ಲ, ಬಡ ಕಕ್ಷಿದಾರ ಹತ್ತು ವರ್ಷ ಅಲೆಯಬೇಕಾಗುತ್ತದೆ ಎಂಬ ಆತಂಕವೂ ಇದೆ. ಯಾರಿಗೋ ಎಷ್ಟೋ ಕೊಟ್ಟರು ಎಂದು ತಿಳಿದರೆ ಸುಳ್ಳು ದೂರುಗಳು ಸಾಲುಗಟ್ಟುತ್ತವೆ ಎನ್ನುತ್ತಾರೆ ಕಂಪನಿಗಳವರು. ಅಮೆರಿಕದ ಫೆಡರಲ್ ಜುಡಿಶಿಯಲ್ ಸೆಂಟರ್ 2004ರಲ್ಲಿ ನಡೆಸಿದ ಅಧ್ಯಯನದಲ್ಲಿ, ಫೆಡರಲ್ ನ್ಯಾಯಾಲಯಗಳಲ್ಲಿ ಮೊಹರು ಹಾಕಿದ ರಾಜಿ ಇದ್ದ ಸಿವಿಲ್ ಪ್ರಕರಣಗಳು ಶೇ 0.44 ಮಾತ್ರ ಎಂದು ಕಂಡುಬಂತು. ಇಷ್ಟು ಸಣ್ಣ ಸಂಗತಿಗೆ ಕಾನೂನು ಯಾಕೆ ಎಂದು ಕೇಳಿದವರಿದ್ದಾರೆ. ಉತ್ತರವೂ ಅದೇ ಅಂಕಿಯಲ್ಲಿದೆ: ಹೆಚ್ಚಿನ ರಾಜಿಗಳು ನ್ಯಾಯಾಲಯದ ಕಡತಕ್ಕೇ ಬರುವುದಿಲ್ಲ, ಬಂದ ಅಷ್ಟರಲ್ಲೇ ಸುಮಾರು ಐದರಲ್ಲಿ ಎರಡು ಪಾಲು ಸಾರ್ವಜನಿಕರಿಗೆ ಸಂಬಂಧಪಟ್ಟ ಅಂಶಗಳಿದ್ದಂಥವು.

ಈ ವಾದಗಳನ್ನೆಲ್ಲ ಹರಡಿಕೊಂಡು ನೋಡಿದರೆ ಜಗಳ ಇರುವುದು ಬಹಳ ಚಿಕ್ಕ ಜಾಗದಲ್ಲಿ. ಹೆಸರು ಮುಚ್ಚಿಡಿ, ಮೊತ್ತ ಮುಚ್ಚಿಡಿ ಎಂದರೆ ಹೆಚ್ಚಿನವರ ತಕರಾರಿಲ್ಲ. ಇನ್ನೊಬ್ಬನ ಪ್ರಾಣಕ್ಕೆ ಕುತ್ತು ತರುವ ದೋಷವನ್ನು ಮುಚ್ಚಿಡಬಹುದೇ ಎಂಬುದೊಂದೇ ಉಳಿಯುವ ಪ್ರಶ್ನೆ.

ಕೊಡೈಕೆನಾಲಿನ ಪಾದರಸ

ತಮಿಳುನಾಡಿಗೆ ಈ ಪ್ರಶ್ನೆ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್‌ನಿಂದ ಎತ್ತಿ ತಂದ ಥರ್ಮಾಮೀಟರ್ ಕಾರ್ಖಾನೆ ಕೊಡೈಕೆನಾಲಿನಲ್ಲಿ ನೆಲೆಯೂರಿತ್ತು. ಮುಂದೆ ಅದು ಹಿಂದೂಸ್ತಾನ್ ಲಿವರ್ ಕೈಗೆ ಬಂತು. 2001ರ ಮಾರ್ಚ್‌ನಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ ಗಾಜಿನ ಚೂರುಗಳ ರಾಶಿಯನ್ನು ಜನ ಪತ್ತೆ ಹಚ್ಚಿ ಬೀದಿಗಿಳಿದರು. ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗೇರಿ ಅಮೆರಿಕಕ್ಕೆ ಮರಳಿತು.

ಪಾದರಸದಿಂದ ಆರೋಗ್ಯ ಕೆಟ್ಟಿತೆಂದು ಮಾಜಿ ಕಾರ್ಮಿಕರು ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಿದರು. ಕಂಪನಿ ಅದನ್ನು ಒಪ್ಪಲಿಲ್ಲ. ಹತ್ತು ವರ್ಷ ಎಳೆದ ಮೇಲೆ 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳೊಂದಿಗೆ ರಾಜಿಯಾಯಿತು. ಹಣವನ್ನು ಮಾನವೀಯ ನೆಲೆಯ ಸಹಾಯಧನ ಎಂದು ಕರೆಯಲಾಯಿತು, ಮೊತ್ತ ಹೊರಬರಲಿಲ್ಲ. ದಣಿದಿದ್ದ ಕುಟುಂಬಗಳಿಗೆ ಅದು ಸಣ್ಣ ಗೆಲುವಾಗಿರಲಿಲ್ಲ. ಆದರೆ ಪಾದರಸ ಕಾರ್ಮಿಕರ ದೇಹಕ್ಕೆ ಏನು ಮಾಡಿತ್ತು ಎಂಬ ಪ್ರಶ್ನೆಗೆ ನ್ಯಾಯಾಲಯದ ತೀರ್ಪು ಸಿಗಲಿಲ್ಲ. ಕಾರ್ಖಾನೆಯ ಮಣ್ಣನ್ನು ಯಾವ ಮಟ್ಟಕ್ಕೆ ಶುದ್ಧ ಮಾಡಬೇಕು ಎಂಬ ಪ್ರಶ್ನೆ ಮಾತ್ರ ಬೇರೆಯಾಗಿ, ಬಹಿರಂಗವಾಗಿ ಮುಂದುವರಿಯಿತು. ಮಾಲಿನ್ಯ ನಿಯಂತ್ರಣ ಮಂಡಳಿ, ಪರಿಸರ ಕಾರ್ಯಕರ್ತರು, ಹಸಿರು ನ್ಯಾಯಮಂಡಳಿ ಎಲ್ಲರಿಗೂ ಅದರಲ್ಲಿ ಮಾತಿತ್ತು. ಕಾಡು, ನೀರು, ಮಣ್ಣಿನ ವಿಚಾರವನ್ನು ಇಬ್ಬರು ಕೂತು ಮುಗಿಸಿಬಿಡಲು ಆಗಲಿಲ್ಲ.

ಕಾರ್ಖಾನೆಯೊಳಗಿನ ಲೆಕ್ಕ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಬಡಾವಣೆಗಳಲ್ಲಿ ದುಡಿಯುವವರಲ್ಲಿ ಅತ್ತಿಬೆಲೆ, ಆನೇಕಲ್ ಕಡೆಯಿಂದ ದಿನವೂ ಗಡಿ ದಾಟಿ ಬರುವ ಕನ್ನಡಿಗರಿದ್ದಾರೆ. ತಳಿ, ಡೆಂಕಣಿಕೋಟೆ, ಬಾಗಲೂರು ಸುತ್ತಿನ ಕನ್ನಡ ಮತ್ತು ತೆಲುಗು ಮನೆಮಾತಿನವರಿದ್ದಾರೆ. ಬಿಹಾರ, ಒಡಿಶಾದಿಂದ ಬಂದ ಗುತ್ತಿಗೆ ಕಾರ್ಮಿಕರಿದ್ದಾರೆ. ಯಂತ್ರಕ್ಕೆ ಕೈ ಸಿಕ್ಕಿತು ಎಂದರೆ ಇವರ ಮುಂದೆ ಬರುವ ಕಾಗದ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತದೆ.

ಈ ಒಂದು ಕ್ಷೇತ್ರದಲ್ಲಿ ನಮ್ಮ ಕಾನೂನು ಅಮೆರಿಕಕ್ಕಿಂತ ಬಹಳ ಮೊದಲೇ ಎಚ್ಚರ ವಹಿಸಿತ್ತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕಾರ, ಕೆಲಸದಲ್ಲಿ ಸತ್ತವರ ಪರಿಹಾರವನ್ನು ಮಾಲೀಕರು ನೇರವಾಗಿ ಕುಟುಂಬದ ಕೈಗೆ ಕೊಟ್ಟು ಮುಗಿಸುವಂತಿಲ್ಲ. ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕು. ಸಣ್ಣ ಮುಂಗಡವೊಂದನ್ನು ಬಿಟ್ಟು ಹೊರಗೆ ಕೊಟ್ಟ ಹಣ ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ. ಗಾಯಾಳುವಿನೊಂದಿಗೆ ಇಡಿಗಂಟಿನ ಒಪ್ಪಂದ ಮಾಡಿಕೊಂಡರೆ ಅದನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. ಮೊತ್ತ ಕಡಿಮೆಯಾಯಿತು, ಮೋಸ ಅಥವಾ ಒತ್ತಡ ನಡೆದಿದೆ ಎನಿಸಿದರೆ ಅವರು ನೋಂದಣಿ ನಿರಾಕರಿಸಬಹುದು. ಹಕ್ಕು ಬಿಟ್ಟುಕೊಡುತ್ತೇನೆಂದು ಕಾರ್ಮಿಕ ಬರೆದುಕೊಟ್ಟ ಕಾಗದಕ್ಕೆ ಕಿಮ್ಮತ್ತಿಲ್ಲ. ಇಎಸ್‌ಐ ವ್ಯಾಪ್ತಿಗೆ ಬರುವವರಿಗೆ ದಾರಿ ಬೇರೆ, ಅವರಿಗೆ ಸಿಗಬೇಕಾದ್ದು ಇಎಸ್‌ಐ ನಿಗಮದಿಂದ. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದಿದ್ದರೂ ಆಯುಕ್ತರ ಕಣ್ಣು ತಪ್ಪಿಸಿ ಒಪ್ಪಂದ ನಡೆಯಬಾರದೆಂಬ ತತ್ವವನ್ನು ಉಳಿಸಿಕೊಂಡಿದೆ.

ಭೋಪಾಲದ ದುರಂತ ಇನ್ನೊಂದು ಪಾಠ ಬರೆಯಿಸಿತು. 1984ರ ಡಿಸೆಂಬರ್ ರಾತ್ರಿ ಸೋರಿದ ಅನಿಲದ ಬಗ್ಗೆ ಸುತ್ತಲಿನ ಜನರಿಗಾಗಲೀ ವೈದ್ಯರಿಗಾಗಲೀ ಏನೂ ತಿಳಿದಿರಲಿಲ್ಲ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ ವಿಧಿಯೊಂದು, ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಗಳು ಅದರ ಅಪಾಯಗಳನ್ನು ಕಾರ್ಮಿಕರಿಗೆ, ಮುಖ್ಯ ಇನ್‌ಸ್ಪೆಕ್ಟರಿಗೆ, ಸ್ಥಳೀಯ ಸಂಸ್ಥೆಗೆ, ಜತೆಗೆ ನೆರೆಹೊರೆಯ ಸಾರ್ವಜನಿಕರಿಗೆ ತಿಳಿಸಲೇಬೇಕೆಂದಿತು. ಆದರೆ ಅದೇ ಭೋಪಾಲದ ಪರಿಹಾರ 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿಯಾದಾಗ, ಸಂತ್ರಸ್ತರನ್ನು ಕೇಳದೆ ಮೊಕದ್ದಮೆ ಮುಗಿಸಿದರೆಂಬ ಆಕ್ರೋಶ ಎದ್ದಿತು. ರಾಜಿಯ ಜತೆ ಕೈಬಿಟ್ಟಿದ್ದ ಕ್ರಿಮಿನಲ್ ಪ್ರಕರಣಗಳಿಗೆ ಸುಪ್ರೀಂ ಕೋರ್ಟ್ 1991ರಲ್ಲಿ ಮತ್ತೆ ಜೀವ ಕೊಟ್ಟಿತು.

ಬಯಲಿನಲ್ಲಿ ನಡೆದದ್ದು ಹೇಗಾಗುತ್ತದೆ ಎಂಬುದಕ್ಕೆ ಗಡಿಯಲ್ಲೇ ಉದಾಹರಣೆಯಿದೆ. 2023ರ ಜುಲೈ 29ರಂದು ಕೃಷ್ಣಗಿರಿಯ ಪಳಯಪೇಟೆಯಲ್ಲಿ ಪಟಾಕಿ ಗೋದಾಮಿನ ಸ್ಫೋಟಕ್ಕೆ 9 ಮಂದಿ ಬಲಿಯಾದರು. ಕಾರಣ ಪಟಾಕಿಯೇ, ಪಕ್ಕದ ಹೋಟೆಲಿನ ಸಿಲಿಂಡರೇ ಎಂಬುದು ಬಹಿರಂಗ ಚರ್ಚೆಯಾಯಿತು. ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14 ಜನ ಅಲ್ಲೇ ಸತ್ತರು, ಸಾವಿನ ಸಂಖ್ಯೆ ಮುಂದೆ ಇನ್ನೂ ಏರಿತು. ಸತ್ತವರಲ್ಲಿ ಹೆಚ್ಚಿನವರು ಹಬ್ಬದ ಮುಂಚಿನ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಹುಡುಗರು. ಎರಡೂ ಸರ್ಕಾರಗಳು ಪರಿಹಾರ ಘೋಷಿಸಿದವು, ಸಿಐಡಿ ತನಿಖೆಯಾಯಿತು, ಕರ್ನಾಟಕದಲ್ಲಿ ಪಟಾಕಿ ಮಳಿಗೆಗಳ ತಪಾಸಣೆ ನಡೆಯಿತು, ಮದುವೆ ಮತ್ತು ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಸಿಡಿಸಬಾರದೆಂದು ಸರ್ಕಾರ ಸಾರಿತು. ನಿರ್ಲಕ್ಷ್ಯದಿಂದಾದ ಸಾವು ಕಕ್ಷಿಗಳು ಪರಸ್ಪರ ರಾಜಿಯಾಗಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲದಿರುವುದರ ಬೆಲೆ ಇಂಥಲ್ಲಿ ತಿಳಿಯುತ್ತದೆ. ಒಂದೊಂದೇ ಬೆರಳು, ಒಂದೊಂದೇ ಮೂಳೆ ಮುರಿಯುವ ಅಪಘಾತಗಳಿಗೆ ಈ ಭಾಗ್ಯವಿಲ್ಲ. ಅವು ಸುದ್ದಿಯಾಗುವುದಿಲ್ಲ, ಪರಿಹಾರ ಸಿಕ್ಕಿತೆಂದರೆ ಅಲ್ಲಿಗೆ ಮುಗಿಯಿತು.

ದೂರು ಎಣಿಸುವ ಕಾನೂನು, ಎಣಿಕೆಗೆ ಸಿಗದ ದೂರು

ವಾಹನಗಳ ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ದೊಡ್ಡ ಹೆಜ್ಜೆ. ದೋಷವಿರುವ ವಾಹನವನ್ನು ವಾಪಸ್ ಕರೆಸಿಕೊಳ್ಳಿ ಎಂದು ತಯಾರಕರಿಗೆ ಆದೇಶಿಸುವ ಅಧಿಕಾರ ಕೇಂದ್ರಕ್ಕೆ ಬಂತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಅದಕ್ಕೆ ಮುಂಚೆ ತಯಾರಕರ ಸಂಘ 2012ರಲ್ಲಿ ತನಗೆ ತಾನೇ ಹಾಕಿಕೊಂಡ ಸಂಹಿತೆಯೊಂದೇ ದಿಕ್ಕಾಗಿತ್ತು. ಕಾನೂನಿನ ಪ್ರಕಾರ ದೋಷ ಕಂಡ ತಯಾರಕ ತಾನಾಗಿ ಸರ್ಕಾರಕ್ಕೆ ತಿಳಿಸಿ ವಾಹನ ವಾಪಸ್ ಕರೆಸಿಕೊಂಡರೆ ದಂಡವಿಲ್ಲ. ಸರ್ಕಾರವೇ ಆದೇಶಿಸಬೇಕಾದರೆ, ನಿಗದಿಪಡಿಸಿದಷ್ಟು ಶೇಕಡಾ ಮಾಲೀಕರು ದೂರು ಕೊಟ್ಟಿರಬೇಕು, ಇಲ್ಲವೇ ಪರೀಕ್ಷಾ ಸಂಸ್ಥೆಯಿಂದಲೋ ಬೇರೆ ಮೂಲದಿಂದಲೋ ವರದಿ ಬಂದಿರಬೇಕು.

ಗುಟ್ಟಿನ ರಾಜಿ ಚುಚ್ಚುವುದು ಇಲ್ಲೇ. ಮೊದಲ ದಾರಿ ನಿಂತಿರುವುದು ಎಣಿಕೆಯ ಮೇಲೆ. ಬಾಯಿಬಿಡುವುದಿಲ್ಲವೆಂದು ಸಹಿ ಹಾಕಿದವನು ಸರ್ಕಾರದ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದಿಲ್ಲ. ಅವನು ಎಣಿಕೆಗೆ ಬಾರದಿದ್ದರೆ ಶೇಕಡಾವಾರು ತುಂಬುವುದಿಲ್ಲ.

2022ರ ಬೇಸಿಗೆಯಲ್ಲಿ ಬೇರೆಯದೇ ನಡೆಯಿತು. ಮಾರ್ಚ್ 26ರಂದು ಪುಣೆಯಲ್ಲಿ ಓಲಾ ಸ್ಕೂಟರೊಂದು ಬೀದಿಯಲ್ಲಿ ಉರಿದ ದೃಶ್ಯವನ್ನು ದೇಶವೇ ನೋಡಿತು. ಅದೇ ತಿಂಗಳು ವೇಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟಿದ್ದ ಬೇರೊಂದು ಕಂಪನಿಯ ಸ್ಕೂಟರ್‌ನಿಂದ ತಂದೆ ಮತ್ತು ಮಗಳು ಸತ್ತರು. ಏಪ್ರಿಲ್‌ನಲ್ಲಿ ಓಲಾ 1,441 ಸ್ಕೂಟರ್‌ಗಳನ್ನು, ಒಕಿನಾವಾ 3,215 ಸ್ಕೂಟರ್‌ಗಳನ್ನು ವಾಪಸ್ ಕರೆಸಿದವು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಬ್ಯಾಟರಿ ಸುರಕ್ಷತೆಯ ಎಐಎಸ್ 156 ಮಾನದಂಡ ಬಿಗಿಯಾಗಿ ಅದೇ ವರ್ಷದ ಡಿಸೆಂಬರ್ 1ರಿಂದ ಹಂತಹಂತವಾಗಿ ಜಾರಿಯಾಯಿತು. ಬೆಂಕಿಯನ್ನು ಯಾರೂ ಗುಟ್ಟಾಗಿಡಲು ಆಗದಿದ್ದುದು ಇಷ್ಟಕ್ಕೂ ಕಾರಣ.

ರಸ್ತೆ ಅಪಘಾತಗಳಲ್ಲಿ ಹೀಗಾಗುವುದು ಅಪರೂಪ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಚಾಲಕ, ಮಾಲೀಕ, ವಿಮಾ ಕಂಪನಿ ಇರುತ್ತಾರೆ. ವಾಹನ ತಯಾರಿಸಿದವರು ಸಾಮಾನ್ಯವಾಗಿ ಕಕ್ಷಿದಾರರೇ ಆಗಿರುವುದಿಲ್ಲ. ಯಾರ ನಿರ್ಲಕ್ಷ್ಯ ಎಂಬ ಪ್ರಶ್ನೆ ಚಾಲಕನ ಸುತ್ತಲೇ ತಿರುಗುತ್ತದೆ. ಲೋಕ್ ಅದಾಲತ್‌ನಲ್ಲಿ ವಿಮಾ ಕಂಪನಿ ಚೆಕ್ ಕೊಡುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ಬ್ರೇಕ್ ಕೈಕೊಟ್ಟಿತ್ತೇ, ಫೋರ್ಕ್ ಮೊದಲೇ ಮುರಿದಿತ್ತೇ ಎಂದು ಕೇಳಲು ಯಾರಿಗೂ ಕಾರಣವಿಲ್ಲ. ಅಮೆರಿಕದ ಟೈರಿನ ಗುಟ್ಟನ್ನು ಹಿಡಿದದ್ದು ವಿಮಾ ಕಡತಗಳನ್ನು ಸಾಲಾಗಿ ಓದಿದ ಒಬ್ಬ ನೌಕರ. ನಮ್ಮ ವಿಮಾ ಕಂಪನಿಗಳ ಬಳಿಯೂ ಅಂಥ ಕಡತಗಳ ಬೆಟ್ಟವೇ ಇದೆ.

ಗ್ರಾಹಕ ನಿಯಮದ ಒಂದು ಸಾಲು

ಮಧ್ಯಸ್ಥಿಕೆಯ ಬಗ್ಗೆ ನಮ್ಮಲ್ಲಿ ಬಂದಿರುವ ಹೊಸ ಕಾನೂನುಗಳು ಗೋಪ್ಯತೆಗೆ ಗೌರವ ಕೊಡುತ್ತಲೇ ಒಂದೆರಡು ಬಾಗಿಲುಗಳನ್ನು ತೆರೆದಿಟ್ಟಿವೆ. 2020ರ ಗ್ರಾಹಕ ಮಧ್ಯಸ್ಥಿಕೆ ನಿಯಮಗಳ ಪ್ರಕಾರ, ತೀವ್ರ ಗಾಯ ಅಥವಾ ಸಾವಿಗೆ ಕಾರಣವಾದ ವೈದ್ಯಕೀಯ ನಿರ್ಲಕ್ಷ್ಯದ ಪ್ರಕರಣಗಳನ್ನು ಮಧ್ಯಸ್ಥಿಕೆಗೆ ಕಳಿಸುವಂತಿಲ್ಲ. ಸಾರ್ವಜನಿಕ ಹಿತಾಸಕ್ತಿ ಇರುವ, ಅಥವಾ ಆಯೋಗದ ಮುಂದಿಲ್ಲದ ಅನೇಕರ ಹಿತ ಅಡಗಿರುವ ಪ್ರಕರಣಗಳಿಗೂ ಅದೇ ನಿಯಮ. 2023ರ ಮಧ್ಯಸ್ಥಿಕೆ ಕಾಯ್ದೆ ಒಳಗಿನ ಮಾತುಕತೆಯನ್ನು ಗೋಪ್ಯವೆಂದು ಹೇಳಿದರೂ, ಸಾರ್ವಜನಿಕ ಆರೋಗ್ಯ ಅಥವಾ ಸುರಕ್ಷತೆಗೆ ಸನ್ನಿಹಿತವಾದ ಗಂಭೀರ ಅಪಾಯವನ್ನು ತೋರಿಸುವ ಮಾತಿಗೆ ಆ ರಕ್ಷಣೆ ಕೊಟ್ಟಿಲ್ಲ. ಸನ್ನಿಹಿತ ಎಂಬ ಷರತ್ತು ಮಾತ್ರ ಬಿಗಿಯಾದದ್ದು: ನಾಳೆ ಸಿಡಿಯುವ ಬಾಯ್ಲರ್ ಇದರಡಿ ಬಂದೀತು, ಮೂರು ವರ್ಷದಲ್ಲಿ ಸವೆದು ಮುರಿಯುವ ಬಿಡಿಭಾಗ ಬಾರದೇ ಹೋದೀತು.

ಇನ್ನು 1872ರ ಒಪ್ಪಂದ ಕಾಯ್ದೆ, ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ನಡೆಯದು ಎನ್ನುತ್ತದೆ. ಪೊಲೀಸರಿಗೋ ಇನ್‌ಸ್ಪೆಕ್ಟರಿಗೋ ಅಪಾಯದ ಸುಳಿವು ಕೊಡಬಾರದೆಂದು ಬರೆಸಿಕೊಂಡ ಷರತ್ತನ್ನು ಈ ನೆಲೆಯಲ್ಲಿ ಪ್ರಶ್ನಿಸಲು ಸಾಧ್ಯವಿದೆ. ಕೈಯಲ್ಲಿ ಚೆಕ್ ಹಿಡಿದ ಕುಟುಂಬಕ್ಕೆ ಅದನ್ನು ಹೇಳುವವರು ಬೇಕಲ್ಲ. ಸಹಿ ಹಾಕುವ ಮುನ್ನ ವಕೀಲರಿಗೆ ಹೇಳಿ ಒಂದು ವಾಕ್ಯ ಸೇರಿಸಿಕೊಂಡರೆ ಅರ್ಧ ಕೆಲಸ ಆದಂತೆ: ಈ ಒಪ್ಪಂದದಲ್ಲಿರುವ ಯಾವುದೂ ಸರ್ಕಾರಿ ಪ್ರಾಧಿಕಾರಕ್ಕೆ ಸುರಕ್ಷತೆಯ ಬಗ್ಗೆ ಮಾಹಿತಿ ಕೊಡುವುದನ್ನು ತಡೆಯುವುದಿಲ್ಲ. ಮೊತ್ತ ಗುಟ್ಟಾಗಿಯೇ ಇರುತ್ತದೆ. ಕಂಪನಿಯೂ ಇದನ್ನು ವಿರೋಧಿಸಲು ಹೆಚ್ಚು ಕಾರಣ ಹುಡುಕಲಾರದು.

ಉಳಿದರ್ಧ ಸರ್ಕಾರದ್ದು. 2020ರ ಜುಲೈನಲ್ಲಿ ಹುಟ್ಟಿದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ಮಾರುಕಟ್ಟೆಯಿಂದ ವಾಪಸ್ ಕರೆಸುವ ಅಧಿಕಾರವಿದೆ. 2022ರಲ್ಲಿ ಅದು ಗುಣಮಟ್ಟದ ಗುರುತಿಲ್ಲದ 2,265 ಪ್ರೆಷರ್ ಕುಕ್ಕರ್‌ಗಳ ಗ್ರಾಹಕರಿಗೆಲ್ಲ ತಿಳಿಸಿ, ಕುಕ್ಕರ್ ಹಿಂಪಡೆದು ಹಣ ಕೊಡಬೇಕೆಂದು ಅಮೆಜಾನ್‌ಗೆ ಆದೇಶಿಸಿತು. 2024ರ ಅಕ್ಟೋಬರ್‌ನಲ್ಲಿ ಓಲಾಗೆ ನೋಟಿಸ್ ಕೊಟ್ಟಾಗ ಅದರ ಮುಂದಿದ್ದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ ಬಂದ 10,644 ದೂರುಗಳು. ಸೇವೆ ಸರಿಯಿಲ್ಲ, ಡೆಲಿವರಿ ತಡ ಎಂಬ ದೂರುಗಳೇ ಅದರಲ್ಲಿ ಹೆಚ್ಚು. ಬಹುತೇಕ ಎಲ್ಲವನ್ನೂ ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಈ ಪ್ರಕರಣ ಸುರಕ್ಷತೆಯದ್ದಲ್ಲದಿದ್ದರೂ, 1915 ಎಂಬ ಒಂದೇ ನಂಬರಿಗೆ ಕರೆಗಳು ಬಂದು ಸೇರಿದ್ದರಿಂದ ಪ್ರಾಧಿಕಾರಕ್ಕೆ ಕೈಗೊಂದು ಲೆಕ್ಕ ಸಿಕ್ಕಿತು ಎಂಬುದು ಗಮನಿಸಬೇಕಾದ ಸಂಗತಿ.

ಜಿಲ್ಲಾ ಗ್ರಾಹಕ ಆಯೋಗಗಳಲ್ಲಿ ಅಂಥ ಸಂಗಮವಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಹೂಡಬಹುದು. ಗ್ರಾಹಕನಿಗೆ ಅದು ಒಳ್ಳೆಯದೇ. ಆದರೆ ಪೋಚಂಪಳ್ಳಿಯಲ್ಲೋ ಹೊಸೂರಿನಲ್ಲೋ ತಯಾರಾದ ಒಂದೇ ಮಾದರಿಯ ಗಾಡಿಯ ಮೇಲೆ ಕಲಬುರಗಿ, ಕಾಸರಗೋಡು, ನಾಗಪುರದಲ್ಲಿ ಬೇರೆ ಬೇರೆ ದೂರು ಬಿದ್ದು, ಬೇರೆ ಬೇರೆಯಾಗಿ ರಾಜಿಯಾದರೆ ಅವನ್ನು ಕೂಡಿಸಿ ನೋಡುವವರು ಯಾರು? ಗಾಯ, ಬೆಂಕಿ ಅಥವಾ ಬಿಡಿಭಾಗದ ವೈಫಲ್ಯದ ದೂರು ರಾಜಿಯಲ್ಲಿ ಮುಗಿದಾಗ, ಹೆಸರು ಮತ್ತು ಮೊತ್ತ ಬಿಟ್ಟು ವಸ್ತು, ಮಾದರಿ, ದೋಷ ಮೂರನ್ನು ಪ್ರಾಧಿಕಾರಕ್ಕೆ ಕಳಿಸಬೇಕೆಂದು ಆಯೋಗಗಳಿಗೆ ವಿಧಿಸಬಹುದು. ಅದೇ ಮೂರು ಕಲಮುಗಳನ್ನು ವಿಮಾ ಕಂಪನಿಗಳ ಕ್ಲೇಮು ಫಾರಮ್ಮಿಗೂ, ಪೊಲೀಸರು ಅಪಘಾತದ ವಿವರ ತುಂಬುವ ಇ-ಡಾರ್ ವ್ಯವಸ್ಥೆಗೂ ಜೋಡಿಸಬಹುದು. ಗ್ರಾಹಕರು ಒಂದು ವರ್ಗವಾಗಿ ತೊಂದರೆಗೆ ಒಳಗಾದರೆ ವಿಚಾರಣೆ ನಡೆಸಿ ಪ್ರಾಧಿಕಾರಕ್ಕೆ ವರದಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಈಗಾಗಲೇ ಇದೆ. ಅಷ್ಟೊಂದು ವಾಹನ ಕಾರ್ಖಾನೆಗಳನ್ನು ಕಟ್ಟಿಕೊಂಡಿರುವ ಕೃಷ್ಣಗಿರಿಯ ಜಿಲ್ಲಾಧಿಕಾರಿಗೂ ಇದೆ. ಇದಕ್ಕೆಲ್ಲ ಸಂಸತ್ತಿನಲ್ಲಿ ಹೊಸ ಮಸೂದೆ ಬರುವವರೆಗೆ ಕಾಯಬೇಕಿಲ್ಲ. ಬಹುಪಾಲು ಇರುವ ನಿಯಮಗಳ ತಿದ್ದುಪಡಿಯಿಂದಲೇ ಆಗುವಂಥದ್ದು.